ಅಕ್ಕೋರ ಚೀಲದ ಬಾಯಿ

ಅಕ್ಕೋರ ಸೀರೆಗಳಿಗೆಲ್ಲ ಒಂದೇ ಜಾಗದಲ್ಲಿ ಬಣ್ಣ ಮಾಸಿತ್ತು. ಬಲ ಹೆಗಲಿನಿಂದ ಎಡ ಸೊಂಟದವರೆಗೆ, ಎದೆಗೆ ಅಡ್ಡವಾಗಿ, ಎರಡು ಬೆರಳಗಲದ ಓರೆಪಟ್ಟಿ. ಹೊಸ ಸೀರೆಗೂ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆ ಗುರುತು ಬೀಳುತ್ತಿತ್ತು. ಸೈಕಲ್ಲನ್ನು ನಮ್ಮ ಕಟ್ಟೆಗೆ ಒರಗಿಸಿ, ಹೆಗಲ ಚೀಲವನ್ನು ತೆಗೆದಿಟ್ಟ ಮೇಲೂ ಅವರ ಬಲ ಹೆಗಲು ಎಡಕ್ಕಿಂತ ತುಸು ಕೆಳಗೇ ಉಳಿಯುತ್ತಿತ್ತು.

ಶಾಲೆಗೆ ಬರಲಾಗದ ಮಕ್ಕಳಿಗೆ ಅವರವರ ಮನೆಗೇ ಹೋಗಿ ಕಲಿಸುವುದು ಅವರ ಕೆಲಸ. ಇರಕಲ್ಲಗಡದಲ್ಲಿ ಬಾಡಿಗೆಯ ಕೋಣೆ, ಸುತ್ತಲಿನ ಹಳ್ಳಿಗಳಿಗೆ ಸೈಕಲ್ ಪ್ರಯಾಣ. ಗುರುವಾರ ನಮ್ಮೂರಿನ ದಿನ. ನಮ್ಮ ಮನೆಗೆ ಅವರು ಬರುತ್ತಿದ್ದುದು ನನ್ನ ತಂಗಿಗಾಗಿ. ಹುಟ್ಟಿನಿಂದಲೇ ಅವಳ ಕಾಲುಗಳಲ್ಲಿ ಬಲವಿಲ್ಲ, ಆಡುವ ಮಾತು ಕೆಲವೇ. ಎಡಗೈ ಪೂರ್ತಿ ಬಿಗಿ. ಬಲಗೈ ಮಣಿಕಟ್ಟಿನಲ್ಲಿ ಒಳಕ್ಕೆ ಬಾಗಿ, ಬೆರಳುಗಳು ಮುಷ್ಟಿಯಾಗಿ ಮಡಚಿಕೊಂಡಿದ್ದವು. ಬಳಸದೇ ಬಿಟ್ಟರೆ ಆ ಮುಷ್ಟಿ ಹಾಗೆಯೇ ಗಟ್ಟಿಯಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಅವ್ವ ದಿನವೂ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಳ್ಳುತ್ತಿದ್ದವು.

ಅಕ್ಕೋರ ಪಾಠವೆಲ್ಲ ಆ ಚೀಲದೊಳಗಿತ್ತು. ಗೆಜ್ಜೆ, ಸ್ಟೀಲಿನ ಲೋಟ, ಅರಿವೆಯ ಚೆಂಡು, ಕಟ್ಟಿಗೆಯ ಮಣಿ, ಬಳೆ, ಅಂಗೈಯಗಲದ ಕನ್ನಡಿ. ತಂಗಿಯ ಮಡಿಲಿಗೆ ಚೀಲ ಒರಗಿಸಿ, ಅದರ ಬಾಯಿ ಅಗಲಿಸಿ ಹಿಡಿದು, "ನಾ ತಗದು ಕೊಡಂಗಿಲ್ಲವಾ. ನಿನಗ ಬೇಕಾದ್ದು ನೀನ ತಗೊ" ಎನ್ನುತ್ತಿದ್ದರು. ಕೈಗೆ ಏನು ಬಂತೋ ಅದೇ ಅಂದಿನ ಪಾಠ. ಲೋಟ ಬಂದರೆ ನೀರು ಕುಡಿಯುವುದು, ಗೆಜ್ಜೆ ಬಂದರೆ ಸದ್ದು ಎತ್ತ ಕಡೆಯದೆಂದು ತೋರಿಸುವುದು. ಏನೂ ಬಾರದಿದ್ದರೆ ಚಹಾ ಕುಡಿದು ಹೊರಡುತ್ತಿದ್ದರು.

ಮೊದಮೊದಲು ಅವ್ವನಿಗೆ ಇದು ಸರಿಬರಲಿಲ್ಲ. "ಅಷ್ಟ ದೂರದಿಂದ ಬಂದು ಹಂಗ ಹೊಂಟ್ರಲ್ರಿ. ಆಕಿ ಕೈಯಾಗ ಒಂದು ಸಾಮಾನರ ಇಟ್ಟು ಹೋಗ್ರಿ" ಎಂದಳು.

"ನಾ ಇಟ್ರ ಅದು ನನ್ನ ಕೆಲಸ ಆತು. ಆಕಿದು ಎಲ್ಲಾತ್ರಿ?"

"ಬರೇ ಚಹಾ ಕುಡಿಯಾಕ ಬರ್ತಾರ ಅಂತಾರ ಮಂದಿ."

"ಚಹಾ ಛಲೋ ಇದ್ರ ಅನ್ಲಿ ಬಿಡ್ರಿ."

ಒಂದು ಮಳೆಗಾಲ ಪೂರ್ತಿ ಹೀಗೇ ಹೋಯಿತು. ದೀಪಾವಳಿಯ ಮುಂಚಿನ ಒಂದು ಗುರುವಾರ ತಂಗಿಯ ಕೈ ಚೀಲದಿಂದ ಬಳೆಯೊಂದರ ಸಮೇತ ಹೊರಬಂತು. ಅವಳು ಹಿಡಿದು ತೆಗೆದದ್ದಲ್ಲ, ಬೆರಳಿಗೆ ಸಿಕ್ಕಿಕೊಂಡು ಬಂದದ್ದು. ಅಕ್ಕೋರು ಅದನ್ನೂ ಒಪ್ಪಿಕೊಂಡರು. ಅವರು ಒಪ್ಪಿಕೊಂಡದ್ದು ತಂಗಿಗೆ ತಿಳಿಯಿತು. ಯುಗಾದಿಯ ಹೊತ್ತಿಗೆ ಅವಳು ಮುಷ್ಟಿ ತೆರೆದು, ಚೀಲದೊಳಗೆ ತಡಕಾಡಿ, ತನಗೆ ಬೇಕಾದದ್ದನ್ನೇ ಹಿಡಿದು ತೆಗೆಯುತ್ತಿದ್ದಳು. ಹೆಚ್ಚಾಗಿ ಅದು ಕನ್ನಡಿಯಾಗಿರುತ್ತಿತ್ತು.

ಅಷ್ಟರಲ್ಲಿ ಅಕ್ಕೋರ ಹೆಗಲು ಸೋತಿತು. ಬಲಗೈ ಎತ್ತಿ ತಲೆ ಬಾಚಿಕೊಳ್ಳುವುದೂ ಆಗದಂತಾದಾಗ ಕೊಪ್ಪಳದ ವೈದ್ಯರಿಗೆ ತೋರಿಸಿದರು. ಒಂದೇ ಹೆಗಲಿಗೆ ಭಾರ ಹೇರುವುದನ್ನು ಬಿಡಿ, ಇಲ್ಲವೇ ಸೈಕಲ್ ಬಿಡಿ ಎಂದು ವೈದ್ಯರು ಹೇಳಿದರು. ಸೈಕಲ್ ಬಿಟ್ಟರೆ ಬಸ್ಸು ಮುಟ್ಟದ ನಮ್ಮಂಥ ಊರುಗಳು ಅವರ ಸುತ್ತಿನಿಂದ ತಪ್ಪಿಹೋಗುತ್ತಿದ್ದವು. ತಂಗಿಯ ಗುರುವಾರ ಅಲ್ಲಿಗೆ ಮುಗಿಯುತ್ತಿತ್ತು.

ಚೀಲವನ್ನು ಕ್ಯಾರಿಯರ್‌ಗೆ ಕಟ್ಟಬಾರದೇಕೆ ಎಂದು ನಾನು ಕೇಳಿದೆ.

"ಕಟ್ಟಿದ್ದೆ. ಹಳ್ಳದ ದಾರ್ಯಾಗ ಕುಲುಕಿ ಬಿತ್ತು. ಹಿಂದ ಬರೋ ಟ್ರ್ಯಾಕ್ಟರ್‌ನಾವ ನನ್ನ ಚೀಲದಾಗಿನ ಸಾಲೀನ ತುಳಕೊಂಡು ಹೋದ."

"ಒಂದು ಸ್ಕೂಟಿ ತಗೊಬಾರದೇನ್ರಿ ಅಕ್ಕೋರ?" ಎಂದಳು ಅವ್ವ.

"ಸ್ಕೂಟಿ ಮ್ಯಾಲ ಬಂದ್ರ ಮಂದಿ ಗಾಡಿ ನೋಡ್ತಾರವಾ, ನನ್ನ ಯಾರು ನೋಡ್ತಾರ?"

ನಿಜವೇನೆಂದರೆ ಅವರಿಗೆ ಮೋಟಾರು ಗಾಡಿಯ ಭಯ. ಇದನ್ನು ನನಗೆ ಹೇಳಿದವರು ಅವರ ಜೊತೆ ಕೆಲಸ ಮಾಡುವ ಶಿಕ್ಷಕಿ. ಕಲಿಯಲು ಹೋಗಿ ಬೇಲಿಗೆ ನುಗ್ಗಿಸಿದ್ದರಂತೆ.

ಅಕ್ಕೋರು ವೈದ್ಯರ ಮಾತಿನಂತೆ ಎರಡೂ ಹೆಗಲಿಗೆ ಹಾಕುವ, ಬೆನ್ನಿಗಂಟಿ ಕೂರುವ ಬ್ಯಾಗು ತಂದರು. ಕಪ್ಪು ಬಣ್ಣದ್ದು, ಮೆತ್ತನೆಯ ಪಟ್ಟಿಗಳಿದ್ದವು. ಹೆಗಲಿಗೆ ಆರಾಮವಾಯಿತು. ಆದರೆ ಅದರ ಬಾಯಿಗೆ ಚೈನು. ತಂಗಿ ಎಂದಿನಂತೆ ಕೈ ಹಾಕಿದಳು. ಬಾಗಿದ ಮಣಿಕಟ್ಟು ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತು. ಎಳೆದುಕೊಂಡಾಗ ಚೈನಿನ ಹಲ್ಲು ಕೈಯ ಹಿಂಬದಿಯನ್ನು ಗೀರಿತು. ಹೆಚ್ಚೇನೂ ಗಾಯವಾಗಲಿಲ್ಲ. ಮುಂದಿನ ಗುರುವಾರ ಮಾತ್ರ ಆ ಬ್ಯಾಗು ಕಂಡ ಕೂಡಲೇ ಅವಳು ಕೈಯನ್ನು ಎದೆಗೆ ಒತ್ತಿಕೊಂಡು ಮುಖ ತಿರುಗಿಸಿದಳು. ಅದರ ಮುಂದಿನ ವಾರವೂ ಹಾಗೆಯೇ. ಎಣ್ಣೆ ಹಚ್ಚುವಾಗ ಬೆರಳು ಮೊದಲಿಗಿಂತ ಬಿಗಿಯಾಗಿವೆ ಎಂದು ಅವ್ವ ಕೊಪ್ಪಳದಲ್ಲಿದ್ದ ನನಗೆ ಫೋನಿನಲ್ಲಿ ಹೇಳಿದಳು.

ಅಕ್ಕೋರಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. "ನನ್ನ ಹೆಗಲಿನ ಅಳತಿ ನೋಡಿದೆ, ಆಕಿ ಕೈ ಅಳತಿ ನೋಡಲಿಲ್ಲ" ಎಂದರು. ಹಳೆಯ ಚೀಲಕ್ಕೆ ಮರಳೋಣವೆಂದರೆ ಹೆಗಲು ಬಿಡದು. ಕೊಪ್ಪಳದ ಅಂಗಡಿಗಳಲ್ಲಿ ಇದ್ದವೆಲ್ಲ ಚೈನಿನವೇ. ಗಂಗಾವತಿಯಲ್ಲಿ ನೋಡೋಣವೆಂದು ಹೊರಟರು. ಕೊಪ್ಪಳದ ಪತ್ರಿಕೆಯೊಂದರಲ್ಲಿ ವರದಿಗಾರನಾದ ನನಗೆ ಅಂದು ರಜೆ ಇತ್ತು, ಜೊತೆಗೆ ಹೋದೆ. ಹುಣ್ಣಿಮೆಯ ದಿನ ಬೇಡವೆಂದು ಅವರೇ ಮೊದಲು ಹೇಳಿದ್ದರು. ದೇವಿಯ ದರ್ಶನಕ್ಕೆ ಹುಲಿಗಿಗೆ ಹೋಗುವವರ ನಡುವೆ ಬಸ್ಸಿನಲ್ಲಿ ನೋಯುವ ಹೆಗಲಿಗೆ ಜಾಗ ಸಿಗುವುದಿಲ್ಲ.

ಪಾಠದ ಸಾಮಾನನ್ನೆಲ್ಲ ಅವರು ಅರಿವೆಯಲ್ಲಿ ಗಂಟು ಕಟ್ಟಿ ತಂದಿದ್ದರು. ಗಂಗಾವತಿಯ ಅಂಗಡಿಯಾತ ತೋರಿಸಿದ ಪ್ರತಿಯೊಂದು ಬ್ಯಾಗಿಗೂ ಅದನ್ನು ತುಂಬಿ, ಹೆಗಲಿಗೆ ಹಾಕಿ, ಸೈಕಲ್ ಹ್ಯಾಂಡಲ್ ಹಿಡಿದವರಂತೆ ಮುಂದೆ ಬಾಗಿ ನೋಡಿದರು. ಒಂದರ ಪಟ್ಟಿ ಕುತ್ತಿಗೆಗೆ ಕೊರೆಯಿತು. ಒಂದರ ತಳಕ್ಕೆ ಒಂದೇ ಸಾಲು ಹೊಲಿಗೆ. ಇನ್ನೊಂದು ಬಾಗಿದೊಡನೆ ಜಾರಿ ಹೊಟ್ಟೆಯ ಕೆಳಗೆ ಜೋತಾಡಿತು. "ಇದು ಪೆಡಲ್ ತುಳಿಯೂ ಮುಂದ ಮೊಣಕಾಲಿಗೆ ಬಡಿತೈತಿ" ಎಂದು ತೆಗೆದಿಟ್ಟರು. ಬೇಡವೆಂದದ್ದನ್ನೆಲ್ಲ ಅಂಗಡಿಯಾತ ಮತ್ತೆ ಮೊಳೆಗೆ ತೂಗುಹಾಕುತ್ತಿದ್ದ. ಆಮೇಲೆ ಅವರು ತಮ್ಮ ಬಲಗೈಯನ್ನು ಮಣಿಕಟ್ಟಿನಲ್ಲಿ ಒಳಕ್ಕೆ ಬಾಗಿಸಿ, ಬೆರಳು ಮಡಚಿ, ಆ ಮುಷ್ಟಿಯನ್ನು ಒಂದೊಂದೇ ಬ್ಯಾಗಿನ ಬಾಯಿಗೆ ಇಳಿಸಿ ನೋಡತೊಡಗಿದರು. ಕಣ್ಣು ಮುಚ್ಚಿದ್ದವು.

ಅಂಗಡಿಯಾತ ದನಿ ತಗ್ಗಿಸಿದ. "ಕೈಗೆ ಏನಾಗೇತ್ರಿ ಬಾಯಾರ? ಹುಟ್ಟಾ ಹಂಗ ಐತೇನು?"

"ಇದು ನನ್ನ ಕೈ ಅಲ್ರಿ" ಎಂದರು ಅಕ್ಕೋರು, ಕಣ್ಣು ತೆರೆಯದೆ.

ಆತ ನನ್ನ ಮುಖ ನೋಡಿದ. ನಾನು ತಂಗಿಯ ವಿಷಯ ಹೇಳಿದೆ. ಆತ ಸ್ಟೂಲು ಹತ್ತಿ, ಮೇಲಿನ ಮೊಳೆಯಿಂದ ದೂಳು ಹಿಡಿದ ಒಂದು ಬ್ಯಾಗು ಇಳಿಸಿ, ಒದರಿದ. ದಪ್ಪ ಕ್ಯಾನ್ವಾಸು, ಮಣ್ಣಿನ ಬಣ್ಣ, ಒಂದೇ ಅಗಲ ಪಟ್ಟಿ. ಚೈನಿಲ್ಲ. ಬಾಯಿಯ ಮೇಲೆ ಇಡೀ ಬ್ಯಾಗನ್ನು ಮುಚ್ಚುವಷ್ಟು ದೊಡ್ಡ ಮಡಿಕೆ, ಅದಕ್ಕೆ ಎರಡು ಬಕಲು.

"ಪೋಸ್ಟಮನ್ ಬ್ಯಾಗು. ಮಾಲ್ ಪಕ್ಕಾ ಐತ್ರಿ. ಚೈನಿಲ್ಲ ಅಂತ ಯಾರೂ ಕೇಳಂಗಿಲ್ಲ. ನಮ್ಮ ಮನ್ಯಾಕಿ ಇದನ್ನ ಒಗದ ಬಿಡು ಅಂತ ದಿನಾ ಬೈತಾಳ."

ಅಕ್ಕೋರ ಮುಷ್ಟಿ ಎಲ್ಲಿಯೂ ತಾಗದೆ ಒಳಗೆ ಹೋಗಿ ಬಂತು. ಅವರು ಇನ್ನೊಮ್ಮೆ ಹಾಕಿ ತೆಗೆದರು. ಬಳಿಕ ಅಂಗಡಿಯ ಮುಂದೆ ನಿಂತಿದ್ದ ಸೈಕಲ್ ಯಾರದೆಂದು ಕೇಳಿದರು. ಆತನದೇ. ಬ್ಯಾಗು ಹಾಕಿಕೊಂಡು, ಸೈಕಲ್ ಹತ್ತಿ, ಬಜಾರದ ಸಂದಿಯಲ್ಲಿ ಮರೆಯಾದರು.

"ಸೈಕಲ್ಲೂ ಹೋತು, ಬ್ಯಾಗೂ ಹೋತು" ಎಂದ ಅಂಗಡಿಯಾತ. "ನಿಮ್ಮನ್ನ ಜಾಮೀನು ಬಿಟ್ಟು ಹೋಗ್ಯಾರ. ಕುಂದರ್ರಿ, ಚಹಾ ತರಸ್ತೀನಿ."

ಚಹಾ ಮುಗಿಯುವ ಹೊತ್ತಿಗೆ ಬೆವರಿಕೊಂಡು ಬಂದರು. ಭತ್ತದ ಲಾರಿಗಳು ಹೋಗಿ ತಗ್ಗು ಬಿದ್ದ ರಸ್ತೆ ಹುಡುಕಿಕೊಂಡು ಹೋಗಿದ್ದರಂತೆ. ಸಪಾಟು ರಸ್ತೆಯಲ್ಲಿ ಎಲ್ಲ ಬ್ಯಾಗೂ ಒಳ್ಳೆಯವೇ ಎಂದರು. ತಗ್ಗಿಗೆ ಇಳಿದಾಗ ಇದೂ ಮುಂದಕ್ಕೆ ಜಾರುತ್ತಿತ್ತು. ಎದುರಿನ ಕಟ್ಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವನಿಂದ ಸೊಂಟ ಬಳಸಿ ಕಟ್ಟುವ ಇನ್ನೊಂದು ಪಟ್ಟಿ ಹಚ್ಚಿಸಿದರು. ಹಾಗೆ ಕಟ್ಟಿದಾಗ ಬ್ಯಾಗು ಬೆನ್ನಿನ ಮೇಲೆ ಕೂತಿತು, ಅರ್ಧ ಭಾರ ಸೊಂಟಕ್ಕೆ ಇಳಿಯಿತು.

ಉಳಿದದ್ದು ಹೆಗಲಿನ ಮೇಲೆ ಪಟ್ಟಿ ಒತ್ತುವ ಜಾಗ. ಅದಕ್ಕೆ ಹಳೆಯ ಸೀರೆಗಳ ಮೆತ್ತೆಯೊಂದನ್ನು ಅವ್ವ ಕೌದಿಯ ಹೊದಿಕೆಯ ಹಾಗೆ ಒತ್ತೊತ್ತಾಗಿ ಹೊಲಿದುಕೊಟ್ಟಳು. ನಮ್ಮ ಕಡೆ ಕೌದಿ ಹೊಲಿಯುವ ಹೆಂಗಸರು ಕೊನೆಯ ತೇಪೆ ಮುಚ್ಚುವ ಮುನ್ನ ಒಳಗೆ ಹೋಳಿಗೆಯ ಚೂರೊಂದನ್ನು ಇಡುತ್ತಾರೆ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕೊಡಬಾರದು ಎಂಬುದು ನಂಬಿಕೆ. ಉಗುರಿನಷ್ಟು ಸಾಕು. ಅಕ್ಕೋರ ಹೆಗಲಿಗೆ ಎಂದು ಅವ್ವ ಕೈ ಬಿಗಿ ಹಿಡಿಯಲಿಲ್ಲ, ತುಪ್ಪ ಸವರಿ ದೊಡ್ಡ ತುಂಡನ್ನೇ ಇಟ್ಟು ಹೊಲಿದಳು.

ಆ ಗುರುವಾರ ನಾನೂ ಮನೆಯಲ್ಲಿದ್ದೆ. ಅಕ್ಕೋರು ಬಂದವರೇ ಬ್ಯಾಗು ಇಳಿಸಿ ಕುತ್ತಿಗೆ ತಿಕ್ಕಿಕೊಂಡರು.

"ಇದೇನ್ರಿ, ಕುತ್ತಿಗಿ ಹಿಂಗ ಕೆಂಪಾಗೇತಿ?" ಎಂದಳು ಅವ್ವ.

"ಬಿಸಲು."

"ಬಿಸಲಿಗೆ ಕಾಲು ಇರ್ತಾವೇನ್ರಿ? ಹರದಾಡಾಕತ್ತೈತಿ ನೋಡ್ರಿ."

"ಇರ್ಲಿ ಬಿಡ್ರಿ. ಇಷ್ಟ ದಿನ ಒಬ್ಬಾಕೀನ ಬರ್ತಿದ್ದೆ. ಈಗ ದಾರಿಗೆ ಜೋಡಿ ಆಗ್ಯಾವ."

ಅವ್ವ ಪಟ್ಟಿಯನ್ನು ಎತ್ತಿ ನೋಡಿದಳು. ಮೆತ್ತೆಯ ಹೊಲಿಗೆಯೊಳಗಿಂದ ಕೆಂಪಿರುವೆಗಳ ಸಾಲು ಹೊರಟಿತ್ತು. "ಅಯ್ಯ ನನ್ನವ್ವಾ, ಹೋಳಿಗಿ" ಎಂದು ಕೂತುಬಿಟ್ಟಳು.

"ಹೊಟ್ಟಿ ತುಂಬಿಸೀರಿ, ಛಲೋ ಮಾಡೀರಿ. ನಾಕು ಜ್ವಾಳದ ಕಾಳು ಹಾಕಿದ್ರೂ ತುಂಬತಿತ್ತು."

"ಕಡ್ಯಾಕತ್ತಿದ್ರ ಬಿಚ್ಚಿ ಒಗೀಬೇಕಿಲ್ರಿ ದಾರ್ಯಾಗ."

"ನೀವು ಹೊಲದದ್ದು ನಾ ಹೆಂಗ ಒಗೀಲಿ?"

ಇಬ್ಬರೂ ಬಾಗಿಲ ಬೆಳಕಿಗೆ ಕೂತು ಮೆತ್ತೆಯ ದಾರ ಬಿಚ್ಚತೊಡಗಿದರು. ಬ್ಯಾಗು ಮಡಿಕೆ ತೆರೆದುಕೊಂಡು ತಂಗಿಯ ಪಕ್ಕದಲ್ಲಿ ಬಿದ್ದಿತ್ತು. ಅಂದು ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಅವಳು ಬ್ಯಾಗನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ. ಸ್ವಲ್ಪ ಹೊತ್ತಿಗೆ ಸ್ಟೀಲಿನ ಲೋಟ ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು.

ಅವ್ವ ಎದ್ದೇಳಲು ಹೋದಳು. ಅಕ್ಕೋರು ಅವಳ ಮೊಣಕಾಲ ಮೇಲೆ ಕೈಯಿಟ್ಟು ಕೂರಿಸಿದರು. ಲೋಟ ಉರುಳಿ ನಿಂತ ಮೇಲೆ, ದಾರದಿಂದ ಕಣ್ಣೆತ್ತದೆ, "ಯವ್ವಾ, ನಮಗೂ ನೀರಡಿಕಿ ಆಗೇತಿ. ಇನ್ನೊಂದು ಲೋಟ ಐತೇನ ನೋಡು ಅದ್ರಾಗ" ಎಂದರು.

ಕನ್ನಡಿ ಬಂತು. ಅದರ ಹಿಂದೆ ಚೆಂಡು ಬಂತು.

ಆಮೇಲಿನ ವರ್ಷಗಳಲ್ಲಿ ಅವರು ಗುರುವಾರ ತಪ್ಪಿಸಿದ್ದು ಕಡಿಮೆ. ಹೆಗಲು ಪೂರ್ತಿ ಗುಣವಾಗಲಿಲ್ಲ, ಆದರೆ ಸೈಕಲ್ ಬಿಡುವಷ್ಟು ಕೆಡಲಿಲ್ಲ. ತಂಗಿ ರೊಟ್ಟಿ ಮುರಿದು ತಿನ್ನಲು ಕಲಿತಳು. ಬಾಗಿಲ ಚಿಲಕ ಸರಿಸಲು ಕಲಿತಳು. ಈಗ ಫೋನಿನಲ್ಲಿ ನನ್ನ ಚಿತ್ರ ಒತ್ತಿ, ನಾನು ಸುದ್ದಿಗೋಷ್ಠಿಯಲ್ಲಿರುವಾಗಲೇ ಕರೆ ಮಾಡುತ್ತಾಳೆ. ಮಾತಿಲ್ಲ, ಉಸಿರಷ್ಟೇ ಕೇಳುತ್ತದೆ. ನಾನು ಹೊರಗೆ ಬಂದು ಕೇಳಿಸಿಕೊಳ್ಳುತ್ತೇನೆ.

ಹೋದ ಬೇಸಿಗೆಯಲ್ಲಿ ಅಕ್ಕೋರು ಜ್ವರವೆಂದು ಕುಷ್ಟಗಿ ಕಡೆಯ ತವರಿಗೆ ಹೋದರು. ಅಲ್ಲಿಯೇ ತೀರಿಕೊಂಡರು. ಸುದ್ದಿ ಬಂದಾಗ ಅವ್ವ ಅಳುತ್ತ ಅಡುಗೆಮನೆ ಸೇರಿದಳು. ತಂಗಿ ತನ್ನ ಚಪ್ಪಲಿಯತ್ತ ಕೈ ತೋರಿಸಿದಳು. ಗಾಡಿ ಮಾಡಿಕೊಂಡು ಮೂವರೂ ಹೋದೆವು.

ನಾವು ಮುಟ್ಟುವ ಹೊತ್ತಿಗೆ ಮಣ್ಣು ಕೊಡುವುದು ನಡೆದಿತ್ತು. ಬಂದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ಬಿಸಿಲು ಏರಿತ್ತು, ಎಲ್ಲರಿಗೂ ಅವಸರವಿತ್ತು. ನಾನು ತಂಗಿಯನ್ನು ಎತ್ತಿಕೊಂಡು ಹೋಗಿ ಗುಂಡಿಯ ಅಂಚಿನಲ್ಲಿ, ಅವಳ ಕೈ ನೆಲಕ್ಕೆ ಎಟಕುವಂತೆ ಕೂತೆ. ಅಕ್ಕೋರ ಅಣ್ಣ ಬಾಗಿ ಮಣ್ಣು ತೆಗೆದುಕೊಂಡರು. "ಈ ಕೂಸಿಂದೂ ನಾನ ಹಾಕ್ತೀನಿ, ಏಳ್ರಿ" ಎಂದರು.

"ತಡೀರಿ ಅಣ್ಣಾರ" ಎಂದಳು ಅವ್ವ. "ಆಕೀನ ಹಾಕ್ತಾಳ."

ತಂಗಿ ನೆಲ ಕೆರೆದು ಮಣ್ಣು ಹಿಡಿದಳು. ಹಿಡಿಯುವುದು ಅವಳಿಗೆ ಈಗ ಕಷ್ಟವಲ್ಲ, ಬಿಡುವುದೇ ಕಷ್ಟ. ಗುಂಡಿಯ ಮೇಲೆ ಕೈ ಚಾಚಿದಳು. ಹೆಬ್ಬೆರಳು ಮೊದಲು ಸಡಿಲವಾಯಿತು. ಉಳಿದ ಬೆರಳುಗಳಿಗೆ ಬಹಳ ಹೊತ್ತು ಹಿಡಿಯಿತು. ಹಿಂದೆ ನಿಂತ ಜನ ಕಾದರು.