ಹೂಕೋಸಿಗೆ ಉಗಿದದ್ದು

ಕರೆಂಟ್ ಮೀಟರ್ ನೋಡಲು ಭೀಮನಬೀಡಿನ ಒಂದು ಮನೆಯ ಹಿತ್ತಿಲಿಗೆ ಹೋಗಿದ್ದೆ. ಅಲ್ಲೊಂದು ಹೂಕೋಸು ಬಿಟ್ಟಿತ್ತು, ಬೋಗುಣಿಯಷ್ಟು ದೊಡ್ಡದು. "ಎಂಥಾ ಹೂವಮ್ಮಾ!" ಎಂದುಬಿಟ್ಟೆ. ಮನೆಯಾಕೆಯ ಮುಖ ಇಳಿದುಹೋಯಿತು.

"ಬೀಜ ಆಕಿ, ಮಗಿನಂಗೆ ಸಾಕಿವ್ನಿ ಸಾ. ದಿಷ್ಟಿ ಆಗೋಯ್ತದೆ. ಒಗಳ್ದೋರೇ ಥೂ ಅಂತ ಉಗುದ್ಬುಡಿ."

ನನಗೆ ಸಂಕೋಚ. ಆದರೆ ಆಕೆಯ ಆತಂಕ ತಮಾಷೆಯದಾಗಿರಲಿಲ್ಲ. ಯೂನಿಫಾರ್ಮಿನಲ್ಲೇ ಬಗ್ಗಿ ಥೂ ಥೂ ಎಂದೆ. ಆಕೆಗೆ ನಿರಾಳವಾಯಿತು. ಎಲೆಗಳನ್ನು ಹೂವಿನ ಮೇಲೆ ಮಡಚಿ, ಬಾಳೆನಾರಿನಲ್ಲಿ ಕಟ್ಟಿ, ಮಿಕ್ಕಿದ್ದ ಬೀಜವನ್ನು ನನಗೇ ಪೊಟ್ಟಣ ಮಾಡಿಕೊಟ್ಟರು.

ಗುಂಡ್ಲುಪೇಟೆಯ ನಮ್ಮ ಹಿತ್ತಿಲಲ್ಲಿ ಬಿತ್ತಿದೆ. ಬಹಳಷ್ಟು ಸಸಿ ಕೊಳೆತವು. ಉಳಿದ ಒಂದರಲ್ಲಿ ನಿಂಬೆಹಣ್ಣಿನಷ್ಟು ಹೂ ಕೂತಿದೆ. ಎಲೆ ಮಡಚಿ ಕಟ್ಟಿದ್ದೇನೆ, ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತೇನೆ. ಉಗಿಯಿರಿ ಎಂದು ಕೇಳಿಕೊಳ್ಳುವ ಪ್ರಸಂಗ ಮಾತ್ರ ಇನ್ನೂ ಬಂದಿಲ್ಲ.