ಕಂಪ್ಲಿ ಗದ್ದೆಯ ಮೇಲೆ ಹಾರಿದ ಶತ್ರು ಡ್ರೋನ್

ಕಳೆದ ತಿಂಗಳು ಒಂದು ಬೆಳಿಗ್ಗೆ ನಾನು ನಾಲ್ಕೇ ಸಾಲಿನಲ್ಲಿ ತುಂಗಭದ್ರಾ ಡ್ಯಾಮ್ ಉಳಿಸಿದೆ. ಹಾಗಂತ ಸುಮಾರು ಮೂರು ಗಂಟೆ ಕಾಲ ನಂಬಿಕೊಂಡಿದ್ದೆ.

ಗಡಿಯಲ್ಲಿ ಬಿಸಿ ಏರಿದ್ದ ವಾರ ಅದು. ಟಿವಿಯವರು ಸ್ಟುಡಿಯೋದಲ್ಲೇ ಸೈರನ್ ಹಾಕಿಕೊಂಡು ಕೂತಿದ್ದರು. ಹೊಸಪೇಟೆಯ ಹೋಟೆಲುಗಳಲ್ಲಿ ಇಡ್ಲಿ ತಿನ್ನುವವರೂ ಕ್ಷಿಪಣಿಯ ರೇಂಜ್ ಮಾತಾಡುತ್ತಿದ್ದರು. ನಾನು ಎಂದಿನಂತೆ ಕಾಲುವೆ ದಂಡೆಯ ಮೇಲೆ ವಾಕಿಂಗ್ ಮುಗಿಸಿ ಕೂತಿದ್ದೆ. ಆಗ ಕಂಪ್ಲಿಯ ವೀರೇಶನಿಂದ ಒಂದು ವಿಡಿಯೋ ಬಂತು. ವೀರೇಶ ನನ್ನ ಹಳೆಯ ಗೆಳೆಯ, ಅಲ್ಲಿನ ಅಕ್ಕಿ ಗಿರಣಿಯೊಂದರ ಮ್ಯಾನೇಜರ್. ಅವನಿಗೂ ಅದನ್ನು ಯಾರೋ ಕಳಿಸಿದ್ದರು. "ಏನಿದು? ನೀನರ ನೋಡಿ ಹೇಳಪಾ" ಎಂದು ಬರೆದಿದ್ದ.

ಓಡುವ ಬಸ್ಸಿನ ಕಿಟಕಿಯಿಂದ ತೆಗೆದ ಹನ್ನೆರಡು ಸೆಕೆಂಡಿನ ವಿಡಿಯೋ. ದೂರದಲ್ಲಿ ಭತ್ತದ ಗದ್ದೆ, ಅದರಾಚೆ ನದಿ, ನಡುವೆ ಗುಂಯ್ ಎನ್ನುತ್ತಾ ತೇಲುವ ಕಪ್ಪು ಯಂತ್ರ.

ಹೇಳಪಾ ಎಂದ ಮೇಲೆ ಹೇಳದೆ ಬಿಡುವವನೇ ನಾನು? ಈ ಅಂಕಣದಲ್ಲಿ ತೈವಾನ್ ಜಲಸಂಧಿ ದಾಟಿದ್ದೇನೆ. ಮಲಕ್ಕಾದಲ್ಲಿ ಚೀನಾದ ಹಡಗುಗಳನ್ನು ಅಡ್ಡಗಟ್ಟಿದ್ದೇನೆ. ಅಮೆರಿಕಕ್ಕೆ ಬುದ್ಧಿ ಹೇಳಿದ್ದೇನೆ. ಸೇನೆಯ ಅನುಭವ? ಕಾಲೇಜಿನಲ್ಲಿ ಒಂದು ವರ್ಷ ಎನ್‌ಸಿಸಿ, ಅದೂ ಪರೇಡ್ ಆದ ಮೇಲೆ ಕೊಡುತ್ತಿದ್ದ ಪೂರಿಗಾಗಿ. ಉಳಿದದ್ದೆಲ್ಲ ಸಂಡೂರಿನ ಗಣಿಯೊಂದರಲ್ಲಿ ಆಫೀಸ್ ಕೆಲಸ. ಅದಿರಿನ ಲಾರಿಗಳಿಗೆ ಕಾಗದ ಮಾಡಿಕೊಡುತ್ತಿದ್ದೆ. ಆ ಅದಿರು ಬಂದರಿಗೆ ಹೋಗಿ ಚೀನಾದ ಹಡಗು ಹತ್ತುತ್ತಿತ್ತು. (ಅದರಿಂದ ಅವರು ಸೇತುವೆ ಕಟ್ಟಿದರೋ ಯುದ್ಧನೌಕೆ ಕಟ್ಟಿದರೋ, ಆಗ ನಾನು ಕೇಳಲಿಲ್ಲ. ಚೀನಾದ ಮೇಲೆ ನನಗೆ ಸಿಟ್ಟು ಬಂದದ್ದು ರಿಟೈರ್ ಆದ ಮೇಲೆ.)

ವಿಡಿಯೋ ಜೂಮ್ ಮಾಡಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ನಮ್ಮ ವಾಕಿಂಗ್ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಅದನ್ನು ಹಾಕಿ ಕೆಳಗೆ ಬರೆದೆ: "ಕಂಪ್ಲಿ ಗದ್ದೆಗಳ ಮೇಲೆ ಆರು ರೆಕ್ಕೆಯ ಡ್ರೋನ್. ವಿನ್ಯಾಸ ನೋಡಿದರೆ ಚೀನಾದ್ದು. ಹೊಟ್ಟೆಯ ಕೆಳಗೆ ಪೇಲೋಡ್, ಅಂದರೆ ಬಾಂಬ್, ಸ್ಪಷ್ಟವಾಗಿ ಕಾಣುತ್ತಿದೆ. ನದಿಗುಂಟ ಡ್ಯಾಮ್ ದಿಕ್ಕಿಗೆ ಹೊರಟಿದೆ, ಎಲ್ಲರೂ ಎಚ್ಚರ."

ಐದು ನಿಮಿಷದಲ್ಲಿ ಹೆಬ್ಬೆರಳು, ಬಾವುಟ, ಮುಗಿದ ಕೈ ಎಲ್ಲ ಬಂದವು. "ನಿಮ್ಮಂಥೋರು ಊರಾಗ ಇರಬೇಕ್ರಿ" ಎಂದು ಒಬ್ಬರು ಬರೆದರು. ಎದೆ ಉಬ್ಬಿತು.

ಹಿಂದಿನ ವಾರವಷ್ಟೇ ಕಾಲೇಜೊಂದರಲ್ಲಿ ಸೈಬರ್ ಯುದ್ಧದ ಬಗ್ಗೆ ಭಾಷಣ ಮಾಡಿದ್ದೆ. ಈಗಿನ ಯುದ್ಧದಲ್ಲಿ ಮೊದಲ ಗುಂಡು ಹಾರುವುದು ಬಂದೂಕಿನಿಂದಲ್ಲ, ಮೊಬೈಲಿನಿಂದ ಎಂದಿದ್ದೆ. ಏನನ್ನಾದರೂ ಫಾರ್ವರ್ಡ್ ಮಾಡುವ ಮೊದಲು ಹತ್ತರವರೆಗೆ ಎಣಿಸಿ ಎಂದಿದ್ದೆ. ಶಾಲು ಹೊದಿಸಿದ್ದರು. ಆ ಬೆಳಿಗ್ಗೆ ನಾನು ಎಷ್ಟರವರೆಗೆ ಎಣಿಸಿದೆ? ಒಂದು ಅಂತಲೂ ಅನ್ನಲಿಲ್ಲ.

ತಿಂಡಿಯ ಹೊತ್ತಿಗೆ ನನ್ನ ಮೆಸೇಜ್ ಕಮಲಾಪುರದ ನಾದಿನಿಯ ಮೂಲಕ ನನಗೇ ವಾಪಸ್ ಬಂತು. ನಾಲ್ಕು ಸಾಲು ಒಂಬತ್ತಾಗಿದ್ದವು. ಒಂದು ಡ್ರೋನ್ ಮೂರಾಗಿತ್ತು. ಮೇಲೆ ದಪ್ಪ ಅಕ್ಷರದಲ್ಲಿ "ನಿವೃತ್ತ ಕರ್ನಲ್ ಒಬ್ಬರ ಎಚ್ಚರಿಕೆ" ಎಂದಿತ್ತು. ನಿಜ ಹೇಳಲೇ? ಗಾಬರಿಯಾಗಲಿಲ್ಲ. ಒಳಗೊಳಗೇ ಖುಷಿಯಾಯಿತು. ಹೆಂಡತಿಗೆ ತೋರಿಸಿದೆ.

"ಕರ್ನಲ್ ಸಾಹೇಬ್ರ, ಗ್ಯಾಸ್ ಖಾಲಿ ಆಗೇತಿ. ಮೊದಲು ಅದಕ್ಕ ಫೋನ್ ಹಚ್ರಿ" ಎಂದಳು.

ಹನ್ನೊಂದಕ್ಕೆ ವೀರೇಶನ ಫೋನು.

"ಲೇ, ಕೆಲಸ ಕೆಟ್ಟೈತಿ. ಅದು ಭತ್ತಕ್ಕ ಔಷಧಿ ಹೊಡಿಯೋ ಡ್ರೋನ್ ಅಂತ, ಲೇ!"

"ಏನು?"

"ಹೆಣ್ಮಕ್ಕಳ ಸಂಘದ್ದು. ಹುಲಿಗೆಮ್ಮ ಅಂತ ಒಬ್ಬಾಕಿ ಹಾರಿಸ್ತಿದ್ಲು. ಜನ ಬೈಕ್ ಮ್ಯಾಲೆ ಬಂದು ಹಿಡದಾರ. ಡ್ರೋನ್ ಕುಟ್ಟಿ ಮುರದಾರ."

ನಾನು ಕಂಡ ಪೇಲೋಡ್ ಎಂದರೆ ಹತ್ತು ಲೀಟರಿನ ಔಷಧಿ ಟ್ಯಾಂಕು. ಶತ್ರು ಎಂದರೆ ಭತ್ತದ ಬುಡಕ್ಕೆ ಬೀಳುವ ಕಂದು ಜಿಗಿಹುಳು. ಡ್ಯಾಮ್ ದಿಕ್ಕಿಗೆ ಹೊರಟಿದ್ದು ಬದುವಿನ ತುದಿಯಲ್ಲಿ ತಿರುಗಿ ವಾಪಸ್ ಬರಲಿಕ್ಕೆ. ಜನ ಕೂಗಿದಾಗ ಹುಲಿಗೆಮ್ಮನೇ ಡ್ರೋನ್ ಇಳಿಸಿದ್ದರಂತೆ. ಔಷಧಿ ಬಾಟಲಿ ತೋರಿಸಿದರಂತೆ. ಬಾಟಲಿ ಯಾರಿಗೆ ಬೇಕು? ಕರ್ನಲ್ ಹೇಳಿದ್ದಾರಲ್ಲ! ಕಲ್ಲು ಬಿದ್ದು ಟ್ಯಾಂಕ್ ಒಡೆದು ಔಷಧಿ ಹುಲಿಗೆಮ್ಮನ ಕೈಮೇಲೆ ಚೆಲ್ಲಿತು. ಪೊಲೀಸರು ಬಂದು ಜನರಿಂದ ಬಿಡಿಸಿ, ಜೀಪಿನಲ್ಲಿ ಕರೆದೊಯ್ದು, ಕಾಗದಪತ್ರ ನೋಡಿ, ಮನೆಗೆ ಬಿಟ್ಟರು.

ನಾನೇನು ಮಾಡಿದೆ? ಮೊದಲು ಮೆಸೇಜ್ ಅಳಿಸಿದೆ. ನಮ್ಮ ಗ್ರೂಪಿನಲ್ಲಿ ಅಳಿಯಿತು, ಊರೂರಲ್ಲಿ ಉಳಿಯಿತು. "ಅದು ನನ್ನ ತಪ್ಪು" ಎಂದು ಒಂದು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ. ಅಷ್ಟರಲ್ಲಿ ಯಾರೋ "ಸುಳ್ಳು ಸುದ್ದಿ ಹರಡುವವರು ದೇಶದ್ರೋಹಿಗಳು" ಎಂಬ ಪೋಸ್ಟರ್ ಹಾಕಿದರು. ಅದಕ್ಕೆ ನಾನೂ ಹೆಬ್ಬೆರಳು ಒತ್ತಿದೆ. ಹೌದು, ಒತ್ತಿದೆ.

ಮೂರು ವಾರ ತಡೆದೆ. ಕೊನೆಗೆ ಮೊನ್ನೆ ಬುಧವಾರ, ಹೇಳಿಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ ಕಂಪ್ಲಿ ಬಸ್ಸು ಹತ್ತಿದೆ. ವೀರೇಶ ಜೊತೆಗೆ ಬಂದ.

ಹುಲಿಗೆಮ್ಮನಿಗೆ ಮೂವತ್ತು ದಾಟಿರಬಹುದು. ಬಲಗೈ ಮೊಣಕೈವರೆಗೆ ಚರ್ಮ ಸುಲಿದು ಕಪ್ಪಾಗಿತ್ತು. ಮನೆಯ ಮೂಲೆಯಲ್ಲಿ ಹಳೆಯ ಸೀರೆ ಹೊದಿಸಿ ಡ್ರೋನ್ ಇಟ್ಟಿದ್ದರು. ನನ್ನ ಹೆಸರು ಕೇಳಿದ್ದೇ ತಡ, ಮುಖ ಅರಳಿತು.

"ಅಯ್ಯ, ನೀವಾ! ಬರ್ರಿ, ಕುಂದ್ರಿ. ನಮ್ಮ ಮಾವ ನಿಮ್ಮ ಅಂಕಣ ಒಂದು ವಾರನೂ ಬಿಡಂಗಿಲ್ರಿ. ಡ್ರೋನ್ ಅಂದ್ರ ಏನಂತ ನನಗ ಮೊದಲು ತಿಳಿದದ್ದ ನಿಮ್ಮ ಬರಹದಿಂದ."

ಅಲ್ಲೇ ಭೂಮಿ ಬಾಯಿ ಬಿಡಬಾರದಿತ್ತೇ ಅನ್ನಿಸಿತು. ಚಹಾ ಬಂತು. ಲೋಟ ಕೈಯಲ್ಲಿ ಹಿಡಿದು, ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ.

"ರೆಕ್ಕಿ ಹೊಸಾವು ಬರ್ತಾವ್ರಿ, ರಿಪೇರಿ ಆಕ್ಕತಿ," ಎಂದರು ಹುಲಿಗೆಮ್ಮ. "ಆದ್ರ ನನ್ನ ಯಾರೂ ಗದ್ದಿಗೆ ಕರಿಯವಲ್ರು. 'ನಿನ್ನ ಜೀಪಿನಾಗ ಒಯ್ದಿದ್ರಲ್ಲಬೇ, ನಮಗ್ಯಾಕ ಉಸಾಬರಿ' ಅಂತಾರ. ಬರೋ ಸೋಮವಾರ ಸಂಘದ ಮೀಟಿಂಗ್ ಐತ್ರಿ. ರಿಮೋಟ್ ಬ್ಯಾರೇದಾಕಿ ಕೈಗೆ ಕೊಡೋಣು ಅಂತ ಮಾತಾಡ್ಯಾರ."

"ನೀವೇನೂ ತಪ್ಪು ಮಾಡಿಲ್ಲವಲ್ಲಮ್ಮ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

"ಅದನ್ನ ಹೇಳೋರು ಯಾರ್ರಿ? ಹದಿನೈದು ದಿನ ಮನಿ ಬಿಟ್ಟು ಹೋಗಿ ಕಲ್ತು ಬಂದೀನಿ. ಮೊದಲನೇ ಸಲ ಹಾರಿಸಿದಾಗ ಎಷ್ಟು ಅಂಜಿದ್ದೆ ಗೊತ್ತೇನ್ರಿ? ಈಗ ಕಣ್ಣು ಮುಚ್ಚಿ ಇಳಸ್ತೀನಿ." ಡ್ರೋನಿನ ಮೇಲಿನ ಸೀರೆ ಸರಿಮಾಡುತ್ತಾ, "ಒಂದು ಕೆಲಸ ಮಾಡಿ ಕೊಡ್ರಿ. ಆ ಮೆಸೇಜ್ ಬರದ ಕರ್ನಲ್ ಯಾರಂತ ಹುಡುಕ್ರಿ. ಸೈಬರ್ ಅದೂ ಇದೂ ನಿಮಗ ಭಾಳ ಗೊತ್ತೈತಿ. ನಾನೇನು ಬೈಯೋದಿಲ್ರಿ. ಸಂಘದ ಮುಂದ ಬಂದು 'ನಂದ ತಪ್ಪು' ಅಂತ ಒಂದ ಮಾತು ಅನ್ಲಿ, ಸಾಕು" ಎಂದರು.

ವೀರೇಶ ನೆಲ ನೋಡುತ್ತಿದ್ದ.

ನಾನು ಏನೆಂದೆ ಗೊತ್ತೇ? "ನೋಡೋಣಮ್ಮ, ಟ್ರೈ ಮಾಡ್ತೀನಿ."

ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. "ಇಷ್ಟು ದಿನದಾಗ ಹೊರಗಿನವರಂತ ವಿಚಾರಿಸಾಕ ಬಂದೋರು ನೀವೊಬ್ರ ನೋಡ್ರಿ" ಎಂದು ಆ ಸುಟ್ಟ ಕೈಯಲ್ಲೇ ನಮಸ್ಕಾರ ಮಾಡಿದರು.

ಬಸ್ ಸ್ಟ್ಯಾಂಡಿನವರೆಗೆ ವೀರೇಶ ಜೊತೆಗೆ ಬಂದ. ಬಸ್ಸು ಬಂದ ಮೇಲೆ, "ಟ್ರೈ ಮಾಡ್ತೀನಿ ಅಂದಿಯಲ್ಲೋ. ಎಲ್ಲಿ ಹುಡುಕ್ತಿ? ಕನ್ನಡ್ಯಾಗ?" ಎಂದ.

ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು. "ಹೇಳಿ ಬಂದ್ರ?"

"ಇಲ್ಲ. ಚಾ ಕೊಟ್ಟರು."

"ಕುಡದ್ರ?"

"ಕುಡಿದೆ."

ಅವಳು ಎದ್ದು ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಇಷ್ಟು ವರ್ಷ ನಿಮಗೆ ಏನೇನೋ ಹೇಳಿದ್ದೇನೆ. ದೊಡ್ಡ ದೇಶಗಳು ಹ್ಯಾಕರ್‌ಗಳ ಪಡೆ ಸಾಕುತ್ತವೆ ಎಂದಿದ್ದೇನೆ. ಏಷ್ಯಾದ ಯಜಮಾನಿಕೆಗೆ ಯಾರು ಯಾರ ಜೊತೆ ಕೈಜೋಡಿಸುತ್ತಿದ್ದಾರೆ ಎಂದು ನಕ್ಷೆ ಬಿಡಿಸಿದ್ದೇನೆ. ಅದೆಲ್ಲ ಸುಳ್ಳಲ್ಲ. ಆದರೆ ಆ ಬೆಳಿಗ್ಗೆ ನನ್ನ ಫೋನನ್ನು ಯಾವ ದೇಶವೂ ಹ್ಯಾಕ್ ಮಾಡಿರಲಿಲ್ಲ. ಪಾಸ್‌ವರ್ಡ್ ಗಟ್ಟಿಯಾಗಿಯೇ ಇತ್ತು. ನನಗೆ ಗೊತ್ತು ಎಂಬ ಜಂಬ ಇತ್ತು, ನಾಲ್ಕು ಜನ ಭೇಷ್ ಅನ್ನಲಿ ಎಂಬ ಆಸೆ ಇತ್ತು. ಶತ್ರುವಿಗೆ ಇನ್ನೇನು ಬೇಕು?

ಸೇನೆ ಆಧುನಿಕವಾಗಬೇಕು ಎಂದು ಪುಟಗಟ್ಟಲೆ ಬರೆದವನು ನಾನು. ಕಂಪ್ಲಿಯ ಗದ್ದೆಯ ಬದುವಿನ ಮೇಲೆ ಒಬ್ಬ ಹೆಣ್ಣುಮಗಳು ರಿಮೋಟ್ ಹಿಡಿದು ನಿಂತಿದ್ದಳಲ್ಲ, ಅದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಆ ವಾರ ನಮ್ಮ ಸೀಮೆಯಲ್ಲಿ ಬಿದ್ದದ್ದು ಒಂದೇ ಡ್ರೋನ್. ಅದು ನಮ್ಮದೇ. ಬೀಳಿಸಿದವನು ನಾನೇ.

ಈ ಬರಹದಲ್ಲಿ ಹುಲಿಗೆಮ್ಮನ ಹೆಸರು ಬದಲಿಸಿಲ್ಲ. ಬಚ್ಚಿಡುವಂಥ ತಪ್ಪನ್ನು ಅವರು ಮಾಡಿಲ್ಲ. ನನ್ನ ಹೆಸರು ಮೇಲೆ ಫೋಟೋದ ಪಕ್ಕದಲ್ಲೇ ಇದೆ. ಈ ಪತ್ರಿಕೆ ಭಾನುವಾರ ಅವರ ಮಾವನ ಕೈ ಸೇರುತ್ತದೆ. ಮೀಟಿಂಗ್ ಸೋಮವಾರ. ಮುಖ ನೋಡಿ ಹೇಳುವ ಧೈರ್ಯ ಸಾಲದೆ ಮೊದಲು ಅಚ್ಚಿನಲ್ಲಿ ಹೇಳುತ್ತಿದ್ದೇನೆ. ಇದಕ್ಕೂ ನನಗೆ ನಾಚಿಕೆಯಿದೆ. ಇನ್ನು ತಪ್ಪಿಸಿಕೊಳ್ಳಲು ದಾರಿ ಉಳಿಯಬಾರದು, ಅಷ್ಟೇ.

ಹುಲಿಗೆಮ್ಮ, ನಿಮ್ಮ ಕರ್ನಲ್ ಸಿಕ್ಕಿದ್ದಾನೆ. ಸೋಮವಾರ ಸಂಘದ ಮುಂದೆ ಬರುತ್ತಾನೆ. ಹೇಳಬೇಕಾದ ಮಾತು ಹೇಳಿ ಮುಗಿಸುವವರೆಗೆ ಅವನಿಗೆ ಚಹಾ ಕೊಡಬೇಡಿ.