ಬಸವಾಪಟ್ಟಣದ ಹಸಿರು ತಟ್ಟೆ

ಮಾಟ, ದೃಷ್ಟಿ, ಶಕುನ ಇವುಗಳನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಚನ್ನಗಿರಿಯಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕಾಯಿಸಿದರೆ ಹಿಗ್ಗುತ್ತದೆ, ತಣಿಸಿದರೆ ಕುಗ್ಗುತ್ತದೆ ಎಂದು ವರ್ಷ ವರ್ಷವೂ ಹೇಳಿಕೊಟ್ಟವಳು. ಯಾರಾದರೂ ಇಂಥ ಕಥೆ ಹೇಳಿದರೆ ಮುಖ ತಿರುಗಿಸಿಕೊಂಡು ನಗುತ್ತಿದ್ದೆ. ನೀವೂ ಈಗ ನಗಬಹುದು, ನನಗೆ ಬೇಸರವಿಲ್ಲ. ಆದರೆ ಹೊನ್ನಾಳಿಯ ನನ್ನ ಅಕ್ಕನ ಮನೆಯಲ್ಲಿ ಒಂದು ಮಧ್ಯಾಹ್ನ ನನ್ನ ಕಣ್ಣೆದುರಿಗೇ ನಡೆದದ್ದನ್ನು ನಾನು ಕಲಿತ ಯಾವ ಪಾಠದಿಂದಲೂ ವಿವರಿಸಲು ಆಗಿಲ್ಲ.

ನನಗೂ ಅಕ್ಕನಿಗೂ ಹಳೆಯ ಚೀನಾ ಪಿಂಗಾಣಿಯ ಹುಚ್ಚು. ಅದು ಹತ್ತಿದ್ದು ಜಗಳೂರಿನ ತವರುಮನೆಯಲ್ಲಿ. ಅಲ್ಲಿ ಅಡಿಗೆಮನೆಯ ಮೂಲೆಯಲ್ಲಿ ಎದೆಯೆತ್ತರದ ಎರಡು ಕಂದು ಜಾಡಿಗಳಿದ್ದವು. ಅಜ್ಜಿ ಅವುಗಳಲ್ಲಿ ಹುಣಸೆಹಣ್ಣು ತುಂಬಿಡುತ್ತಿದ್ದಳು. ಅವುಗಳ ಹೊಟ್ಟೆಯ ಸುತ್ತ ಮೀಸೆಯುಳ್ಳ ಹಾವಿನಂಥದ್ದೊಂದು ಪ್ರಾಣಿ ಉಬ್ಬಿಕೊಂಡಿತ್ತು. ಅದು ಚೀನಾದವರ ಡ್ರ್ಯಾಗನ್ ಎಂದು ಯಾರಿಗೂ ಗೊತ್ತಿರಲಿಲ್ಲ. ನಾವಿಬ್ಬರೂ ಅದರ ಮೇಲೆ ಬೆರಳಾಡಿಸುತ್ತಾ ಇದು ನಂದು, ಅದು ನಿಂದು ಎಂದು ಹಂಚಿಕೊಂಡಿದ್ದೆವು. ಅಕ್ಕನ ಮದುವೆಯಾದಾಗ ಅಪ್ಪ ಎರಡನ್ನೂ ಅವಳ ಜೊತೆಗೇ ಹೊನ್ನಾಳಿಗೆ ಕಳಿಸಿದರು. ಜೋಡಿಯನ್ನು ಬೇರೆ ಮಾಡುವುದು ಬೇಡ ಎಂದರಂತೆ. ನಾನಾಗ ಕಾಲೇಜಿನಲ್ಲಿದ್ದೆ, ಯಾರೂ ನನ್ನನ್ನು ಕೇಳಲಿಲ್ಲ.

ಅಕ್ಕನ ಗಂಡ ಅಡಿಕೆ ವ್ಯಾಪಾರಿ. ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದಾಗಲೆಲ್ಲ ಅಲ್ಲಿನ ಹಳೆ ಸಾಮಾನಿನ ಪೇಟೆಯಿಂದ ಏನಾದರೂ ತರುತ್ತಿದ್ದರು. ನೀಲಿ ಬಿಳಿ ಹೂದಾನಿ, ಹುಂಜದ ಚಿತ್ರವಿದ್ದ ಬಟ್ಟಲು, ಬೊಜ್ಜು ಹೊಟ್ಟೆಯ ನಗುವ ಮುದುಕನ ಗೊಂಬೆ ಹೀಗೆ. ಪಡಸಾಲೆಯಲ್ಲಿ ಗಾಜಿನ ಕಪಾಟು, ಅದರೊಳಗೆ ಟ್ಯೂಬ್‌ಲೈಟು. ಬಂದವರೆಲ್ಲ ನಿಂತು ನೋಡಿ ಹೋಗುತ್ತಿದ್ದರು.

ನನ್ನದು ಬೇರೆ ದಾರಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು, ಊರಿನ ಹೆಂಗಸರಿಗೆಲ್ಲ ಸ್ಟೀಲ್ ಪಾತ್ರೆ ಬೇಕಾಗಿತ್ತು. ನಾನು ಚೀಲದಲ್ಲಿ ಹೊಸ ಸ್ಟೀಲ್ ಡಬ್ಬಿ, ಲೋಟ ಹಾಕಿಕೊಂಡು ಭಾನುವಾರ ಬಸ್ಸು ಹತ್ತಿ ತ್ಯಾವಣಿಗೆ, ಬಸವಾಪಟ್ಟಣ, ನ್ಯಾಮತಿ ಅಂತ ತಿರುಗುತ್ತಿದ್ದೆ. ನನ್ನ ವಿದ್ಯಾರ್ಥಿನಿಯರ ಮನೆಗಳಿದ್ದವು, ನೆಂಟರಿದ್ದರು. ಹಿತ್ತಿಲಲ್ಲಿ ಕೋಳಿಗೆ ನೀರಿಡುವ ಬಟ್ಟಲನ್ನು ತಿರುಗಿಸಿ ನೋಡಿದರೆ ಕೆಳಗೆ ನೀಲಿ ಚೀನೀ ಅಕ್ಷರವಿರುತ್ತಿತ್ತು. ಅವರಿಗೆ ಸ್ಟೀಲ್ ಸಿಕ್ಕ ಖುಷಿ, ನನಗೆ ಇದು. ಹಾಗೆ ಕೂಡಿಸಿದ್ದನ್ನು ಗೋಡೆಗೆ ಹೊಡೆದ ಒಂದು ಹಲಗೆಯ ಮೇಲೆ ಜೋಡಿಸಿದ್ದೆ.

ಭಾವನಿಗೆ ನನ್ನ ಮೇಲೆ ನಂಬಿಕೆ. ಬೊಂಬಾಯಿಯಿಂದ ಏನು ತಂದರೂ ನನ್ನನ್ನು ಕರೆಸಿ, "ಇದು ಅಸಲೋ ನಕಲೋ ನೀನೇ ನೋಡಿ ಹೇಳವ್ವ" ಎನ್ನುತ್ತಿದ್ದರು. ನಾನು ಬುಡ ತಿರುಗಿಸಿ ನೋಡಿ, ಹೊಳಪಿನ ಮೇಲೆ ಬೆರಳಾಡಿಸಿ, ಬಣ್ಣ ಕುಂಚದ್ದೋ ಅಚ್ಚಿನದ್ದೋ ಎಂದು ಪರೀಕ್ಷಿಸಿ ಹೇಳುತ್ತಿದ್ದೆ. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಒಪ್ಪಿದ ಮೇಲೆ ಅದು ಅವಳ ಕಪಾಟಿನಲ್ಲಿ ಕೂರುತ್ತಿತ್ತು, ನಾನು ಬರಿಗೈಯಲ್ಲಿ ಬಸ್ಸು ಹತ್ತುತ್ತಿದ್ದೆ. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಕೊಡುವುದು ನನಗೆ ಬರುವುದಿಲ್ಲ. ಮನೆಗೆ ಬಂದು ನನ್ನ ಹಲಗೆಯ ಕಡೆ ನೋಡಿದರೆ ನಿನ್ನೆಯವರೆಗೂ ಚೆಂದವಾಗಿದ್ದ ಬಟ್ಟಲುಗಳು ಸಣ್ಣವಾಗಿ, ಬಡವಾಗಿ ಕಾಣುತ್ತಿದ್ದವು.

ಬಸವಾಪಟ್ಟಣದಲ್ಲಿ ಖೈರುನ್ ಬೀ ಎಂಬ ಮುದುಕಿಯಿದ್ದರು. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ. ಮೊದಲ ಸಲ ಹೋದಾಗ ಗೋಡೆಯ ಗೂಡಿನಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದ ತಟ್ಟೆಯೊಂದನ್ನು ತೆಗೆದು ತೋರಿಸಿದರು. ಭಾರವಾದ ದೊಡ್ಡ ತಟ್ಟೆ. ಬಣ್ಣ ಹಸಿರು, ಮಳೆಗಾಲ ಕಳೆದ ಮೇಲೆ ತಿಳಿಯಾಗಿ ನಿಂತ ಕೆರೆನೀರಿನ ಹಸಿರು. ನೇರವಾಗಿ ನೋಡಿದರೆ ಬರೀ ಬಣ್ಣ, ಓರೆ ಮಾಡಿ ಬೆಳಕಿಗೆ ಹಿಡಿದರೆ ಒಳಗೆ ಎರಡು ಮೀನು ಕಾಣುತ್ತಿದ್ದವು. ಮತ್ತೆ ಮತ್ತೆ ಓರೆ ಮಾಡಿ ನೋಡಿದೆ.

"ಇದು ಗೋರಿ ತಟ್ಟೆ ಟೀಚರ್," ಎಂದರು ಖೈರುನ್ ಬೀ. "ಬಿಜಾಪುರದ ಸುಲ್ತಾನರ ಕಾಲದ್ದು ಅಂತ ನಮ್ಮತ್ತೆ ಹೇಳ್ತಿದ್ರು. ಇದರಾಗೆ ಕೆಟ್ಟದ್ದು ಬಿದ್ರೆ ತಡಕೊಳ್ಳಾಕಿಲ್ಲ, ತಾನೇ ಒಡ್ಕೊಂತೈತೆ."

ರಾಜರು ವಿಷಕ್ಕೆ ಹೆದರಿ ಗೋರಿ ಎಂದು ಕರೆಯುವ ಇಂಥ ಹಸಿರು ಪಿಂಗಾಣಿ ತಟ್ಟೆಗಳಲ್ಲಿ ಉಣ್ಣುತ್ತಿದ್ದರೆಂಬ ಮಾತು ನಾನೂ ಕೇಳಿದ್ದೆ. ಸುಮ್ಮನೆ ತಲೆಯಾಡಿಸಿದೆ. ಸ್ಟೀಲ್ ಪಾತ್ರೆಗೆ ಅದನ್ನು ಕೇಳಲು ನಾಲಗೆ ಬರಲಿಲ್ಲ. ಆಮೇಲೆ ಹೋದಾಗಲೆಲ್ಲ ಅದನ್ನು ನೋಡಿ, ಚಹಾ ಕುಡಿದು ಬರುತ್ತಿದ್ದೆ. ಎಂದೋ ಒಂದು ದಿನ ಅವರೇ ಕೊಡುತ್ತಾರೆ ಎಂಬ ಆಸೆಯಿತ್ತು. ಆ ಖುಷಿಯನ್ನು ಒಳಗಿಟ್ಟುಕೊಳ್ಳಲಾರದೆ ಅಕ್ಕನ ಮುಂದೆ ಹೇಳಿಕೊಂಡೆ. ವಿಷದ ಕಥೆಯನ್ನೂ ಹೇಳಿ ಇಬ್ಬರೂ ನಕ್ಕೆವು.

ಮುಂದಿನ ಸಲ ಬಸವಾಪಟ್ಟಣಕ್ಕೆ ಹೋದಾಗ ಗೂಡು ಖಾಲಿಯಿತ್ತು.

"ನಿಮ್ಮ ಅಕ್ಕಾರು ಕಾರಿನಾಗೆ ಬಂದಿದ್ರಲ್ಲ," ಎಂದರು ಖೈರುನ್ ಬೀ. "ಮೊಮ್ಮಗಳ ಮದುವಿಗೆ ರೇಷ್ಮೆ ಸೀರೆ ಕೊಟ್ರು. ನಾನು ನಿಮಗೇ ಅಂತ ತಿಳ್ಕೊಂಡು ಕೊಟ್ಟೆ. ಒಂದೇ ಮನಿ ಅಲ್ಲೇನ್ರಿ?"

ಹೌದು, ಒಂದೇ ಮನೆ ಎಂದೆ. ಬಸ್ ನಿಲ್ದಾಣದವರೆಗೆ ಹೇಗೆ ನಡೆದು ಬಂದೆನೋ ತಿಳಿಯದು. ಬಸ್ಸಿನಲ್ಲಿ ಪಕ್ಕದವಳು ಎರಡು ಸಲ ಮಾತಾಡಿಸಿದಳಂತೆ, ನನಗೆ ಕೇಳಿಸಲಿಲ್ಲ.

ಅಕ್ಕನಿಂದ ಕರೆ ಬಂತು, ಊಟಕ್ಕೆ ಬಾ ಎಂದು. ಹೋಗಬಾರದೆಂದುಕೊಂಡೆ. ಆದರೆ ತಟ್ಟೆಯನ್ನು ನೋಡದೆ ಇರಲು ಆಗಲಿಲ್ಲ, ಹೋದೆ. ಅಕ್ಕನ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ತ್ಯಾವಣಿಗೆಯ ಮಗಳ ಮನೆಗೆ ಹೋಗಿದ್ದರು. ಬೇರೆಯವರ ಮನೆಯ ಮಣ್ಣಿನ ತಟ್ಟೆಯಲ್ಲಿ ಊಟ ಎಂದರೆ ಆಕೆ ಒಪ್ಪುತ್ತಿರಲಿಲ್ಲ, ಅದಕ್ಕೇ ಅಕ್ಕ ಆ ದಿನ ನೋಡಿ ಕರೆದಿದ್ದಳು. ಮನೆಯಲ್ಲಿದ್ದದ್ದು ಅಕ್ಕ, ಭಾವ, ನಾನು ಮೂವರೇ. ಮೇಜಿನ ಮೇಲೆ ಅವರಿಬ್ಬರಿಗೆ ಮಾಮೂಲಿ ತಟ್ಟೆ, ನನ್ನ ಜಾಗದಲ್ಲಿ ಆ ಹಸಿರು ತಟ್ಟೆ.

"ನೀನು ಅಷ್ಟೊಂದು ಆಸೆ ಪಟ್ಟಿದ್ದೆ. ಇದರಾಗೆ ಮೊದಲು ನೀನೇ ಉಣ್ಣು," ಎಂದಳು.

ಅದು ಪ್ರೀತಿಯೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ. ಕೂತೆ. ಇಲ್ಲಿಂದ ಮುಂದೆ ನಡೆದದ್ದನ್ನು ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಅಕ್ಕ ಮೊದಲು ಕೋಸಂಬರಿ ಬಡಿಸಿದಳು. ಬೆಳಗ್ಗೆಯೇ ಮಾಡಿ ಆರಿಸಿಟ್ಟಿದ್ದ ಹೋಳಿಗೆ ಹಾಕಿದಳು. ತುದಿಗೆ ಸ್ವಲ್ಪ ಉಪ್ಪಿನಕಾಯಿ. ಬಿಸಿಯಾದದ್ದು ಒಂದೂ ಇರಲಿಲ್ಲ, ಅನ್ನ ಇನ್ನೂ ಒಳಗೇ ಇತ್ತು. ತಟ್ಟೆ ಸರಿಮಾಡಲೆಂದು ಅವಳು ಆ ಕಡೆಯ ಅಂಚನ್ನು ಹಿಡಿದಿದ್ದಳು. ನನ್ನ ಎಡಗೈ ಬೆರಳುಗಳು ಈ ಕಡೆಯ ಅಂಚಿನ ಮೇಲಿದ್ದವು. ಭಾವ ಸಂತೋಷದಲ್ಲಿದ್ದರು.

"ಹೋಗಿ ತಂದಾಕೆ ಇವಳು, ನಿಜ. ಆದ್ರೆ ಇದನ್ನ ಹುಡುಕಿದ ಕಣ್ಣು ಮಾತ್ರ ನಿಂದೇ," ಎಂದು ನನಗೆ ಹೇಳಿದರು.

ಆ ಕ್ಷಣ ನನ್ನ ಮನಸ್ಸಿನಲ್ಲಿ ಒಂದು ಮಾತು ಹಾದುಹೋಯಿತು. ಇದು ನನ್ನ ಮನೆಗೆ ಬರದಿದ್ದರೆ ಯಾರ ಮನೆಯಲ್ಲೂ ಇರಬಾರದು. ನಾನಾಗಿ ಅಂದುಕೊಂಡದ್ದಲ್ಲ, ತಾನಾಗಿ ಬಂತು.

ತಟ್ಟೆ ದನಿ ಮಾಡಿತು. ಒಡೆಯುವ ಸದ್ದಲ್ಲ. ತಂಬೂರಿಯ ತಂತಿಯನ್ನು ಒಮ್ಮೆ ಮೀಟಿ ಬಿಟ್ಟಂಥ ಸಣ್ಣ, ಉದ್ದನೆಯ ದನಿ. ಮೂವರೂ ಕೇಳಿದೆವು. ಆ ದನಿ ನಿಂತ ಮೇಲೆ ತಟ್ಟೆ ಎರಡಾಯಿತು. ಯಾರೂ ಅಲುಗಾಡಿಸಿರಲಿಲ್ಲ, ಏನೂ ಬಿದ್ದಿರಲಿಲ್ಲ. ಅಕ್ಕನ ಕೈಯಿದ್ದ ಜಾಗದಿಂದ ನನ್ನ ಬೆರಳಿದ್ದ ಜಾಗದವರೆಗೆ, ದಾರ ಹಿಡಿದು ಗೆರೆ ಎಳೆದ ಹಾಗೆ, ಮೀನೊಂದು ಆ ಕಡೆ, ಮೀನೊಂದು ಈ ಕಡೆ.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಬೆಂಕಿಗೆ ತಾಗಿದ ಕೈಯನ್ನು ಎಳೆದುಕೊಳ್ಳುವುದಿಲ್ಲವೇ, ಹಾಗೆ.

"ಹಳೇದು. ಹಳೇದಕ್ಕೆ ಏನು ಗ್ಯಾರಂಟಿ," ಎಂದರು ಭಾವ. ಅಕ್ಕ ಅವರ ಕಡೆ ನೋಡಲಿಲ್ಲ.

"ಯಾಕೆ ಕೈ ತಗಂಡೆ?" ಎಂದು ನನ್ನನ್ನು ಕೇಳಿದಳು.

"ಸುಮ್ನೆ ಅಕ್ಕ. ಗಾಬರಿಯಾತು."

"ಸುಮ್ನೆ ಅಲ್ಲ. ಆ ಬೀ ಹೇಳಿದ್ದು ನಿನಗೂ ಗೊತ್ತೈತೆ, ನನಗೂ ಗೊತ್ತೈತೆ."

ಅವಳು ಎರಡೂ ಹೋಳುಗಳನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು ಕುರ್ಚಿಯಲ್ಲಿ ಕೂತಳು. ನನಗೆ ಬಡಿಸಿದ್ದನ್ನು ತಾನು ಉಣ್ಣತೊಡಗಿದಳು. ಬ್ಯಾಡ ಅಕ್ಕ, ಚೂರು ಸೇರಿರಬಹುದು ಎಂದೆ. "ಏನೂ ಸೇರಿಲ್ಲ ಅಂದ್ಮ್ಯಾಲೆ ಉಣ್ಣಾಕೆ ಏನು?" ಎಂದಳು. ಹೋಳಿಗೆ, ಕೋಸಂಬರಿ, ಕಡೆಗೆ ಆ ಉಪ್ಪಿನಕಾಯಿಯನ್ನೂ ಬಿಡಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಭಾವ ಎದ್ದು ನಿಂತವರು ಹಾಗೇ ನಿಂತಿದ್ದರು. ಅಕ್ಕ ನನಗೆ ವಿಷ ಹಾಕುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿದವಳಲ್ಲ. ಆದರೆ ಕೈ ಎಳೆದುಕೊಂಡಾಗಿತ್ತು. ಅದರ ಮೇಲೆ ಏನು ಹೇಳಿದರೂ ಬರೀ ಮಾತಾಗುತ್ತಿತ್ತು.

ಸಂಜೆಯವರೆಗೂ ಅಲ್ಲೇ ಇದ್ದೆ. ಅವಳಿಗೆ ಏನೂ ಆಗಲಿಲ್ಲ. ಅಂಗಳ ಗುಡಿಸಿದಳು, ದೀಪ ಹಚ್ಚಿದಳು, ಚಹಾ ಕೊಟ್ಟಳು. ಹೊರಡುವಾಗ ಬಾಗಿಲವರೆಗೆ ಬಂದು, "ನನ್ನ ಅಡಿಗೆಯಾಗೆ ಏನೂ ಇರಲಿಲ್ಲ. ಕಂಡೆ ಅಲ್ಲ?" ಎಂದಳು. ನಾನು ತಲೆಯಾಡಿಸಿದೆ. ಆಮೇಲೆ ಬಹಳ ಕಾಲ ನಮ್ಮ ನಡುವೆ ಮಾತು ನಿಂತುಹೋಯಿತು.

ದಾವಣಗೆರೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನನ್ನ ಸಹಪಾಠಿಯೊಬ್ಬಳಿಗೆ ಇದನ್ನು ಹೇಳಿದೆ. ಮೇಲಿನ ಹೊಳಪು ಮತ್ತು ಒಳಗಿನ ಮಣ್ಣು ಒಂದೇ ಪ್ರಮಾಣದಲ್ಲಿ ಕುಗ್ಗಿರುವುದಿಲ್ಲ, ನೂರಾರು ವರ್ಷ ಒಳಗೊಳಗೇ ಬಿಗಿದುಕೊಂಡಿದ್ದು ಎಂದೋ ಒಂದು ದಿನ ಬಿಟ್ಟುಕೊಳ್ಳುತ್ತದೆ ಎಂದಳು. ಸರಿಯಾದ ಮಾತು. ಮಕ್ಕಳು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಎಂದೋ ಒಂದು ದಿನ ಎಂಬುದು ಆ ದಿನವೇ ಏಕಾಯಿತು, ಆ ಮಾತಿನ ಬೆನ್ನಿಗೇ ಏಕಾಯಿತು ಎಂದು ಕೇಳಿದಾಗ ಅವಳು ನಕ್ಕಳು. ನನ್ನ ಹಳೆಯ ನಗುವೇ ಅದು.

ಮಾತು ಮತ್ತೆ ಶುರುವಾದದ್ದು ಎಂಬತ್ತರ ದಶಕದ ನಡುವಿನಲ್ಲಿ, ಅಕ್ಕನ ಮಗಳ ಮದುವೆಯ ನೆಪದಿಂದ. ಮದುವೆ ಮುಗಿದ ಮೇಲೆ ಅವಳು ಚನ್ನಗಿರಿಗೆ ಬಂದು ನನ್ನ ಮನೆಯಲ್ಲಿ ಕೆಲವು ದಿನ ಇದ್ದಳು. ಇಬ್ಬರೂ ಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಿದ್ದಾಗ ತಾನೇ ಅದನ್ನು ಎತ್ತಿದಳು. ಆ ಎರಡು ಹೋಳುಗಳನ್ನು ಅವಳು ಖೈರುನ್ ಬೀಗೆ ವಾಪಸು ಒಯ್ದುಕೊಟ್ಟಿದ್ದಳಂತೆ. ಬೀ ಏನನ್ನೂ ಕೇಳದೆ ತಮ್ಮ ಅಂಗಳದ ದಾಳಿಂಬೆ ಗಿಡದ ಬುಡದಲ್ಲಿ ಹೂಳಿಸಿ, "ಅದರ ಕೆಲಸ ಅದು ಮಾಡೈತೆ, ಬಿಡ್ರಿ" ಎಂದರಂತೆ.

ಮತ್ತೊಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡು, "ಆವತ್ತು ಬಡಿಸುವಾಗ ನನ್ನ ಮನಸ್ನಾಗೆ ಏನಿತ್ತು, ಹೇಳಲೇನು?" ಎಂದಳು.

ಹೇಳು ಎಂದೆ.

"ನಿಮ್ಮ ಭಾವ ಏನು ತಂದ್ರೂ ನಿನಗೆ ತೋರಿಸಿದ ಮ್ಯಾಲೇನೇ ಕಪಾಟಿನಾಗೆ ಇಡೋದು. ನನ್ನ ಮನಿ ಕಪಾಟು, ಅದರಾಗೆ ನಂದು ಅನ್ನೋದು ಒಂದೂ ಇರಲಿಲ್ಲ. ಆ ತಟ್ಟೆ ಒಂದನ್ನ ನಾನೇ ಹೋಗಿ, ನಾನೇ ಕೇಳಿ ತಂದಿದ್ದೆ. ಅದಕ್ಕೂ ಅವರು ನಿನ್ನ ಕಣ್ಣು ಅಂದ್ರು. ಇವಳು ಹುಟ್ಟದೇ ಇದ್ದಿದ್ರೆ ಎಷ್ಟು ಚೆಂದ ಇತ್ತು ಅನ್ನಿಸ್ತು ನೋಡು. ಅಷ್ಟರಾಗೆ ಅದು ಒಡೀತು."

ನಾನೂ ಆ ಕ್ಷಣ ನನ್ನೊಳಗೆ ಹಾದುಹೋದದ್ದನ್ನು ಹೇಳಿದೆ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹಂಗಾದ್ರೆ ಒಡದಿದ್ದು ಯಾರದ್ದಕ್ಕೆ? ನಿಂದಕ್ಕೋ, ನಂದಕ್ಕೋ?"

ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಯಾರದ್ದಕ್ಕೂ ಅಲ್ಲ, ಅದೊಂದು ಹಳೆಯ ಮಣ್ಣಿನ ತಟ್ಟೆ ಎಂದು ಹೇಳಬೇಕಾಗಿತ್ತು. ಅದರ ಬದಲು ಅವಳ ಮಡಿಲಿನ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

ಈಗ ನಾವು ಚೆನ್ನಾಗಿದ್ದೇವೆ. ನಾನು ಹೊನ್ನಾಳಿಗೆ ಹೋದರೆ ಅಕ್ಕ ಬಾಳೆಎಲೆಯಲ್ಲೇ ಬಡಿಸುತ್ತಾಳೆ. ಬಡಿಸಿ ಪಕ್ಕದಲ್ಲಿ ಕೂತು, ಬೇರೆಲ್ಲೋ ನೋಡುತ್ತಾ, ಏನೂ ಮಾತಾಡದೆ ಕಾಯುತ್ತಾಳೆ. ನಾನು ಮೊದಲ ತುತ್ತನ್ನು ಒಂದಿಷ್ಟೂ ತಡಮಾಡದೆ ಬಾಯಿಗಿಡುತ್ತೇನೆ. ಅದನ್ನು ನುಂಗಿದ ಮೇಲೆಯೇ ಅವಳು ಮಾತು ಶುರುಮಾಡುವುದು.